ಪ್ರಾರ್ಥನೆ, ಉಪವಾಸ, ವೇದಾಧ್ಯಯನ: ಧಾರವಾಡ ಸೀಮೆಯ ಕ್ರೈಸ್ತಸೇವೆಯ ಮೂರು ಆಧಾರಗಳು

ಬಾಸೆಲ್ ಮಿಶನ್ನಿನ ಪಾದ್ರಿಗಳು ಕನ್ನಡಕ್ಕೆ ಸಲ್ಲಿಸಿದ ಸೇವೆಯನ್ನು ಕುರಿತು ನಮ್ಮ ವಿದ್ವಾಂಸರಲ್ಲಿ ಎರಡು ಬಗೆಯ ಅಭಿಪ್ರಾಯಗಳು ರೂಢವಾಗಿವೆ. ಅವರು ಮತಪ್ರಸಾರಕ್ಕೆಂದು ಬಂದರು, ಭಾಷೆಯನ್ನು ಅದಕ್ಕೆ ಉಪಕರಣವನ್ನಾಗಿ ಬಳಸಿದರು, ಆದುದರಿಂದ ಕೋಶ ವ್ಯಾಕರಣಗಳೆಲ್ಲವೂ ಮತಪ್ರಚಾರದ ಉಪೋತ್ಪನ್ನಗಳೇ ಹೊರತು ಬೇರೆಯಲ್ಲವೆಂಬುದು ಒಂದು ಪಕ್ಷ. ಅವರು ಬಂದದ್ದು ಮತಕ್ಕೆಂದಾದರೂ ಕನ್ನಡದ ಸವಿಯುಂಡು ಮತವನ್ನು ಮರೆತರು, ಆದುದರಿಂದ ಅವರನ್ನು ಪಂಡಿತರೆಂದು ಗೌರವಿಸಿ ಪಾದ್ರಿಗಳೆಂಬುದನ್ನು ಬಿಟ್ಟುಬಿಡಬಹುದೆಂಬುದು ಇನ್ನೊಂದು ಪಕ್ಷ. ಈ ಎರಡು ಪಕ್ಷಗಳೂ ಪರಸ್ಪರ ವಿರುದ್ಧವೆಂದು ತೋರಿದರೂ ಒಂದು ವಿಷಯದಲ್ಲಿ ಏಕಮತವಾಗಿವೆ: ಇವರ ಪಾದ್ರಿತನಕ್ಕೂ ಪಾಂಡಿತ್ಯಕ್ಕೂ ಒಳಗಿನ ಸಂಬಂಧವಿಲ್ಲವೆಂದು ಎರಡೂ ಭಾವಿಸುತ್ತವೆ. ಈ ಭಾವನೆಯು ಸರಿಯಲ್ಲವೆಂಬುದೇ ಪ್ರಕೃತ ಲೇಖನದ ವಾದ. ಕ್ರೈಸ್ತಸೇವೆಗೆ ಪ್ರಾರ್ಥನೆ, ಉಪವಾಸ, ವೇದಾಧ್ಯಯನ ಎಂಬ ಮೂರು ಆಧಾರಗಳನ್ನು ಅವರ ಪರಂಪರೆಯು ಹೇಳಿಕೊಂಡು ಬಂದಿದೆ. ಈ ಮೂರೂ ನಮ್ಮ ಸೀಮೆಗೆ ಬಂದಾಗ ಯಾವ ರೂಪವನ್ನು ತಾಳಿದವು, ಯಾವುದು ಬಲವಾಯಿತು, ಯಾವುದು ಹಿಂದೆ ಸರಿಯಿತು ಎಂಬುದನ್ನು ನೋಡಿದರೆ ಕಿಟೆಲ್, ಉತ್ತಂಗಿ ಮೊದಲಾದವರ ಪಾಂಡಿತ್ಯದ ಮೂಲವು ತಾನಾಗಿ ಕಾಣಿಸುವುದು.

ನಾನು ವಾಸವಾಗಿರುವ ದುಂಡಸಿಯು ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಊರು. 1997ರಲ್ಲಿ ಹಾವೇರಿ ಜಿಲ್ಲೆಯು ಬೇರೆಯಾಗುವವರೆಗೆ ಈ ಪ್ರದೇಶವೆಲ್ಲವೂ ಧಾರವಾಡ ಜಿಲ್ಲೆಯಲ್ಲಿತ್ತು. ಬಾಸೆಲ್ ಮಿಶನ್ನಿನ ಮುಖ್ಯ ನೆಲೆಗಳ ಪಟ್ಟಿಯಲ್ಲಿ ದುಂಡಸಿಯ ಹೆಸರಿಲ್ಲ. ಆದರೂ ವಿಚಾರವನ್ನು ಇಲ್ಲಿಂದಲೇ ಆರಂಭಿಸಲು ಕಾರಣವಿದೆ. ಹುಬ್ಬಳ್ಳಿ ಧಾರವಾಡಗಳಲ್ಲಿ ಜರ್ಮನ್ ಪಾದ್ರಿಯು ಮೊದಲು ಕಾಲಿಟ್ಟ ಕಾಲದಲ್ಲಿ ಈ ಸುತ್ತಿನ ಜನಕ್ಕೆ ವ್ರತೋಪವಾಸಗಳು ಹೊಸವಾಗಿರಲಿಲ್ಲ. ಬಾಡವು ಕನಕದಾಸರ ಊರು. ದಾಸಪರಂಪರೆಯ ಮನೆಗಳಲ್ಲಿ ಏಕಾದಶಿಯು ನಿಯಮ. ಶಿವಭಕ್ತರ ಮನೆಗಳಲ್ಲಿ ಶಿವರಾತ್ರಿಯ ಉಪವಾಸ ಜಾಗರಣೆಗಳು. ಸವಣೂರು ನವಾಬರ ಆಳಿಕೆಯಲ್ಲಿದ್ದ ಊರುಗಳಲ್ಲಿ ರಂಜಾನಿನ ರೋಜಾ. ಶಿಶುನಾಳದ ಶರೀಫಸಾಹೇಬರು (1819–1889) ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ಈ ಎರಡು ಮೂರು ಧಾರೆಗಳನ್ನೂ ಒಂದೇ ಬಾಳಿನಲ್ಲಿ ಕಂಡವರು. ಹೀಗೆ ಹಸಿವನ್ನು ತಡೆದು ದೇವರನ್ನು ನೆನೆಯುವವನೇ ಧಾರ್ಮಿಕನೆಂದು ತಿಳಿದಿದ್ದ ನಾಡಿಗೆ, ಉಪವಾಸವನ್ನು ಕುರಿತು ಬಹಳ ಮಾತನಾಡದ, ಆದರೆ ಕೈಯಲ್ಲಿ ಪುಸ್ತಕವನ್ನು ಬಿಡದ ಒಂದು ಬಗೆಯ ಗುರುಗಳು ಬಂದರು. ಇದು ಸಣ್ಣ ವ್ಯತ್ಯಾಸವಲ್ಲ.

ಮೊದಲು ಮೂಲಗ್ರಂಥದ ವಿಚಾರ. ‘ಸೇವೆ’ ಎಂದು ನಾವು ಕನ್ನಡಿಸುವ ಗ್ರೀಕ್ ಪದವು ‘ದಿಯಾಕೊನಿಯಾ’ ಎಂಬುದು. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಈ ಪದವು ಬರುವ ಸಂದರ್ಭವನ್ನು ವಾಚಕರು ಗಮನಿಸತಕ್ಕದ್ದು. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಅನ್ನ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರಿಗೆ ಕೊರತೆಯಾಯಿತೆಂದು ಗೊಣಗಾಟವೆದ್ದಿತು. ಆಗ ಹನ್ನೆರಡು ಮಂದಿ ಅಪೊಸ್ತಲರು ಅನ್ನದ ಕೆಲಸಕ್ಕೆ ಏಳು ಜನರನ್ನು ನೇಮಿಸಿ, ತಾವು ಪ್ರಾರ್ಥನೆಯಲ್ಲಿಯೂ ವಾಕ್ಯದ ಸೇವೆಯಲ್ಲಿಯೂ ನಿಲ್ಲುವುದಾಗಿ ಹೇಳಿದರು. ಇಲ್ಲಿ ಅನ್ನ ಬಡಿಸುವುದಕ್ಕೂ ವಾಕ್ಯವನ್ನು ಸಾರುವುದಕ್ಕೂ ಮೂಲದಲ್ಲಿ ಒಂದೇ ಧಾತುವಿನ ಪದವಿದೆ. ಬಡಿಸುವ ಕೈಯೂ ಬೋಧಿಸುವ ಬಾಯಿಯೂ ಒಂದೇ ಹೆಸರಿನವು. ದಾಸೋಹವೆಂಬ ಪದವನ್ನು ಬಲ್ಲ ಕನ್ನಡಿಗನಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಆದರೆ ಕ್ರೈಸ್ತಸೇವೆಯ ಮೊದಲ ವಿಭಾಗವು ಅನ್ನದ ಜಗಳದಿಂದ ಹುಟ್ಟಿತೆಂಬುದನ್ನು ಉಪವಾಸದ ವಿಚಾರ ಮಾಡುವಾಗ ಮರೆಯಬಾರದು.

ಅದೇ ಗ್ರಂಥದ ಹದಿಮೂರನೆಯ ಅಧ್ಯಾಯದಲ್ಲಿ ಉಪವಾಸವು ಬರುತ್ತದೆ. ಅಂತಿಯೋಕ್ಯದ ಸಭೆಯವರು ಆರಾಧನೆಯಲ್ಲಿಯೂ ಉಪವಾಸದಲ್ಲಿಯೂ ಇದ್ದಾಗ ಬಾರ್ನಬ ಸೌಲರನ್ನು ಬೇರೆಮಾಡಬೇಕೆಂದು ಪವಿತ್ರಾತ್ಮನ ಪ್ರೇರಣೆಯಾಯಿತು. ಅವರು ಮತ್ತೆ ಉಪವಾಸ ಪ್ರಾರ್ಥನೆಗಳನ್ನು ಮಾಡಿ, ಕೈಯಿಟ್ಟು ಕಳುಹಿಸಿದರು. ಹದಿನಾಲ್ಕನೆಯ ಅಧ್ಯಾಯದಲ್ಲಿ ಸಭೆಗಳಿಗೆ ಹಿರಿಯರನ್ನು ನೇಮಿಸುವಾಗಲೂ ಇದೇ ಕ್ರಮ. ಆದುದರಿಂದ ಸೇವೆಗೆ ಹೊರಡುವ ಮುಹೂರ್ತದಲ್ಲಿ ಉಪವಾಸವು ಗಟ್ಟಿಯಾಗಿ ನಿಂತಿದೆ. ಯೇಸುವು ತನ್ನ ಸೇವೆಗೆ ಮೊದಲು ಅಡವಿಯಲ್ಲಿ ನಾಲ್ವತ್ತು ಹಗಲು ನಾಲ್ವತ್ತು ರಾತ್ರಿ ಉಪವಾಸವಿದ್ದುದನ್ನು ಮತ್ತಾಯನು ಹೇಳುತ್ತಾನೆ. ಅಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಅಂಶವುಂಟು. ಶೋಧಕನ ಮೂರು ಮಾತುಗಳಿಗೂ ಯೇಸುವು ಕೊಟ್ಟ ಉತ್ತರಗಳು ಧರ್ಮೋಪದೇಶಕಾಂಡದಿಂದ ತೆಗೆದವು. ಹಸಿದವನು ತಪಶ್ಶಕ್ತಿಯಿಂದ ಶಪಿಸಲಿಲ್ಲ, ಕಲ್ಲನ್ನು ರೊಟ್ಟಿ ಮಾಡಲಿಲ್ಲ. ಓದಿ ನೆನಪಿಟ್ಟುಕೊಂಡ ಶಾಸ್ತ್ರವಾಕ್ಯವನ್ನು ಎತ್ತಿ ಹೇಳಿದನು. ವಿಶ್ವಾಮಿತ್ರನ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ವಿಲಕ್ಷಣವಾಗಿ ತೋರುವುದು ಸಹಜ. ಇಲ್ಲಿ ಉಪವಾಸವು ಶಕ್ತಿಯ ಸಂಗ್ರಹವಲ್ಲ. ಅಧ್ಯಯನವು ಪರೀಕ್ಷೆಗೆ ಒಳಗಾಗುವ ಸ್ಥಳ. ಪರ್ವತಪ್ರಸಂಗದಲ್ಲಿಯಾದರೋ ಉಪವಾಸ ಮಾಡುವವನು ಮುಖ ಬಾಡಿಸಿಕೊಳ್ಳದೆ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದು, ಅದನ್ನು ಜನರಿಂದ ಮರೆಸಬೇಕೆಂದು ವಿಧಿ. ಊರಿಗೆಲ್ಲ ತಿಳಿಯುವಂತೆ ವ್ರತ ಹಿಡಿಯುವ ನಾಡಿನಲ್ಲಿ ಈ ವಿಧಿಯನ್ನು ಪಾಲಿಸಿದ ಪಾದ್ರಿಯು ಉಪವಾಸವನ್ನೇ ಮಾಡುವುದಿಲ್ಲವೆಂದು ಜನರು ತಿಳಿದರೆ ಅವರ ತಪ್ಪೇನು?

ಇನ್ನು ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದ ಪ್ರಸಂಗಕ್ಕೆ ಬರೋಣ. ದೆವ್ವ ಹಿಡಿದ ಹುಡುಗನನ್ನು ಶಿಷ್ಯರು ಗುಣಪಡಿಸಲಾರದೆ ಹೋದಾಗ, ಇಂಥದು ಪ್ರಾರ್ಥನೆಯಿಂದಲ್ಲದೆ ಹೊರಡುವುದಿಲ್ಲವೆಂದು ಯೇಸುವು ಹೇಳಿದನೆಂದಿದೆ. ಈ ಮಾತಿನಲ್ಲಿ ‘ಪ್ರಾರ್ಥನೆ’ಯೊಡನೆ ‘ಉಪವಾಸ’ವೂ ಬಹುಸಂಖ್ಯೆಯ ಪ್ರತಿಗಳಲ್ಲಿ ಸೇರಿದೆ, 1611ರ ಇಂಗ್ಲಿಷ್ ಭಾಷಾಂತರವೂ ಅದನ್ನೇ ಅನುಸರಿಸಿತು. ಆದರೆ ನಾಲ್ಕನೆಯ ಶತಮಾನದ ಎರಡು ಪ್ರಾಚೀನ ಪ್ರತಿಗಳಾದ ವ್ಯಾಟಿಕನ್ ಪ್ರತಿಯ ಮೂಲಪಾಠದಲ್ಲಿಯೂ ಸೀನಾಯಿ ಪ್ರತಿಯ ಮೂಲಪಾಠದಲ್ಲಿಯೂ ಉಪವಾಸದ ಮಾತಿಲ್ಲ. 1881ರಲ್ಲಿ ವೆಸ್ಟ್‌ಕಾಟ್ ಮತ್ತು ಹಾರ್ಟ್ ಎಂಬ ವಿದ್ವಾಂಸರು ಶೋಧಿಸಿ ಪ್ರಕಟಿಸಿದ ಗ್ರೀಕ್ ಪಾಠವು ಅದನ್ನು ಕೈಬಿಟ್ಟಿತು. ಅದೇ ವರ್ಷದ ಇಂಗ್ಲಿಷ್ ಪರಿಷ್ಕರಣವು ಅದನ್ನು ಅಂಚಿಗೆ ತಳ್ಳಿತು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಏಳನೆಯ ಅಧ್ಯಾಯದಲ್ಲಿಯೂ ಇದೇ ಪದವು ಪ್ರಾರ್ಥನೆಯ ಪಕ್ಕದಲ್ಲಿ ತಡವಾಗಿ ಸೇರಿಕೊಂಡುದೆಂದು ಪಾಠಪರಿಶೋಧಕರು ಹೇಳುತ್ತಾರೆ. ಉಪವಾಸನಿಷ್ಠರಾದ ಲಿಪಿಕಾರರ ಕೈಯಲ್ಲಿ ಪ್ರಾರ್ಥನೆಯೆಂದೊಡನೆ ಉಪವಾಸವೂ ಲೇಖನಿಯ ತುದಿಗೆ ಬಂದಿರಬೇಕು. ತಾಡವಾಲೆಗಳನ್ನು ಬಿಚ್ಚಿ ನೋಡಿದವರಿಗೆ ಇದು ಅಪರಿಚಿತವಾದ ರೋಗವಲ್ಲ. ನಮ್ಮ ಲಿಪಿಕಾರರೂ ತಮಗೆ ಪ್ರಿಯವಾದ ದೇವತೆಯ ಹೆಸರನ್ನು ಕವಿಯ ಬಾಯಲ್ಲಿ ಇಟ್ಟಿರುವುದುಂಟು.

ಹಾಗಾದರೆ ಉಪವಾಸವು ಭೂತಬಾಧೆಯನ್ನು ಓಡಿಸುವ ಆಯುಧವೆಂಬ ಆಧಾರವು ಸಡಿಲವಾಯಿತು. ಸೇವೆಗೆ ಕಳುಹಿಸುವ ಮುನ್ನ ಮಾಡುವ ಉಪವಾಸದ ಆಧಾರವು ಸ್ಥಿರವಾಗಿ ಉಳಿಯಿತು. ಈ ವಿವೇಕವನ್ನು ಕೊಟ್ಟದ್ದು ಯಾವುದು? ಮೂರನೆಯ ಆಧಾರವಾದ ಅಧ್ಯಯನವೇ.

‘ಉಪವಾಸ’ವೆಂಬ ಪದವನ್ನು ಕನ್ನಡ ಭಾಷಾಂತರಕಾರರು ಆರಿಸಿಕೊಂಡದ್ದರಲ್ಲಿ ಒಂದು ವಿಶೇಷವಿದೆ. ಗ್ರೀಕಿನ ‘ನೇಸ್ತೇಯಾ’ ಎಂಬುದಕ್ಕೆ ಉಣ್ಣದಿರುವುದೆಂದಷ್ಟೇ ಅರ್ಥ. ಹೀಬ್ರೂವಿನ ಯಾಜಕಕಾಂಡವು ಪ್ರಾಯಶ್ಚಿತ್ತದಿನದ ವಿಧಿಯನ್ನು ಹೇಳುವಾಗ ಪ್ರಾಣವನ್ನು ಕುಗ್ಗಿಸುವುದೆಂಬ ಅರ್ಥದ ಮಾತನ್ನು ಬಳಸುತ್ತದೆ. ನಮ್ಮ ಪದಕ್ಕಾದರೋ ಹತ್ತಿರ ವಾಸಿಸುವುದೆಂದು ಅವಯವಾರ್ಥ. ಶತಪಥಬ್ರಾಹ್ಮಣದ ಆರಂಭದಲ್ಲಿಯೇ ಇದರ ಚರ್ಚೆಯಿದೆ. ನಾಳೆ ಇಷ್ಟಿಯನ್ನು ಮಾಡುವೆನೆಂದು ಯಜಮಾನನು ವ್ರತವನ್ನು ಹಿಡಿದೊಡನೆ ದೇವತೆಗಳು ಅವನ ಮನೆಗೆ ಬಂದು ಅವನ ಸಮೀಪದಲ್ಲಿ ನೆಲೆಸುತ್ತಾರೆ. ಮನೆಗೆ ಬಂದ ಅತಿಥಿಗಳು ಉಣ್ಣುವ ಮೊದಲು ತಾನುಣ್ಣುವುದು ಅನುಚಿತ, ಅದರಿಂದ ಅವನು ಉಣ್ಣಲಾಗದು. ಆಷಾಢ ಸಾವಯಸನು ಉಣ್ಣದಿರುವುದೇ ವ್ರತವೆಂದನು. ಯಾಜ್ಞವಲ್ಕ್ಯನು ಇನ್ನೊಂದು ಕಡೆಯಿಂದ ಯೋಚಿಸಿ, ಹವಿಸ್ಸಿಗೆ ಬಾರದ ಅಡವಿಯ ಪದಾರ್ಥವನ್ನು ತಿಂದರೆ ಉಂಡಂತೆಯೂ ಅಲ್ಲ, ಉಣ್ಣದಂತೆಯೂ ಅಲ್ಲವೆಂದು ದಾರಿ ತೋರಿಸಿದನು. ಈ ಚರ್ಚೆಯನ್ನು ನಾನು ಪಾಠಶಾಲೆಯಲ್ಲಿ ಓದಿದಾಗ ಯಾಜ್ಞವಲ್ಕ್ಯನ ಜಾಣ್ಮೆಯೇ ಹಿಡಿಸಿತ್ತು. ಅತಿಥಿಯ ಮುಂದೆ ಉಣ್ಣಬಾರದೆಂಬ ಗೃಹಸ್ಥನ ಲಜ್ಜೆಯು ಈ ವಿಧಿಯ ಬೇರೆಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು. ಮದಲಿಂಗನು ತಮ್ಮೊಡನಿರುವಾಗ ಮದುವೆಯ ಮನೆಯವರು ಉಪವಾಸ ಮಾಡುವರೇ, ಅವನು ತೆಗೆಯಲ್ಪಟ್ಟಾಗ ಮಾಡುವರೆಂದು ಯೇಸುವು ಹೇಳಿದ ದೃಷ್ಟಾಂತವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ದಿಕ್ಕು ತಿರುಗುಮುರುಗಾಗಿರುವುದು ಕಾಣುತ್ತದೆ. ಅಲ್ಲಿ ದೇವರು ಹತ್ತಿರವಿರುವುದರಿಂದ ಉಪವಾಸ. ಇಲ್ಲಿ ಹತ್ತಿರವಿದ್ದಾನಾದುದರಿಂದ ಊಟ, ಅಗಲಿದಾಗ ಉಪವಾಸ. ಒಂದೇ ಕನ್ನಡ ಪದವು ಎರಡನ್ನೂ ಹೊರಬೇಕಾಯಿತು.

ನಮ್ಮ ಕಡೆಯ ಆಡುಮಾತಿನಲ್ಲಿ ಈ ಪದಕ್ಕೆ ಮತ್ತೊಂದು ಹೊರೆಯುಂಟು. ಇಲ್ಲಿ ‘ಉಪಾಸ’ವೆಂದರೆ ವ್ರತವೂ ಹೌದು, ಮನೆಯಲ್ಲಿ ಕಾಳಿಲ್ಲದ ಹಸಿವೂ ಹೌದು. ಏಕಾದಶಿಯ ಉಪಾಸಕ್ಕೂ ಬರದ ಉಪಾಸಕ್ಕೂ ಜನರ ಬಾಯಲ್ಲಿ ಬೇರೆ ಪದವಿಲ್ಲ. ಆಶ್ಚರ್ಯವೆಂದರೆ ಗ್ರೀಕಿನಲ್ಲಿಯೂ ಇದೇ ಸಂದಿಗ್ಧವಿದೆ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ತನ್ನ ಕಷ್ಟಗಳನ್ನು ಎಣಿಸುವಾಗ ಹಸಿವು ಬಾಯಾರಿಕೆಗಳೊಡನೆ ಅನೇಕಾವರ್ತಿ ಉಪವಾಸಗಳನ್ನೂ ಹೇಳುತ್ತಾನೆ. ಅವು ಹಿಡಿದ ವ್ರತಗಳೋ ಸಿಕ್ಕದ ಊಟಗಳೋ ಎಂಬುದರಲ್ಲಿ ವ್ಯಾಖ್ಯಾನಕಾರರಿಗೆ ಒಮ್ಮತವಿಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮವು ಧಾರವಾಡ, ಕಲಾದಗಿ, ಬಳ್ಳಾರಿ ಜಿಲ್ಲೆಗಳನ್ನು ಹಿಂಡಿತು. ಅಂಥ ನಾಡಿನಲ್ಲಿ ನಿಂತು ಉಪವಾಸದ ಮಹಿಮೆಯನ್ನು ಉಪದೇಶಿಸುವ ಬಾಯಿ ಯಾವುದು? ಯೆಶಾಯನ ಐವತ್ತೆಂಟನೆಯ ಅಧ್ಯಾಯವು ಅಲ್ಲಿ ನೆರವಿಗೆ ಬರುತ್ತದೆ. ತಲೆ ಬಾಗಿಸಿ ಗೋಣಿತಟ್ಟಿನ ಮೇಲೆ ಕೂಡುವುದು ದೇವರಿಗೆ ಬೇಕಾದ ಉಪವಾಸವಲ್ಲ. ಕಟ್ಟನ್ನು ಬಿಚ್ಚುವುದು, ಹಸಿದವನಿಗೆ ತನ್ನ ಅನ್ನವನ್ನು ಮುರಿದು ಕೊಡುವುದು ನಿಜವಾದ ಉಪವಾಸವೆಂದು ಆ ಪ್ರವಾದಿಯ ತಾತ್ಪರ್ಯ.

ಕರ್ನಾಟಕದಲ್ಲಿ ಕ್ರೈಸ್ತಸೇವೆಯ ಮೊದಲ ದಾರಿಯಾದರೋ ಉಪವಾಸಕ್ಕೇ ಮುಂದಿನ ಸ್ಥಾನವನ್ನು ಕೊಟ್ಟಿತ್ತು. ಮಧುರೆಯಲ್ಲಿ 1606ರಿಂದ ಇದ್ದ ರಾಬರ್ಟೊ ಡಿ ನೊಬಿಲಿಯು ಕಾವಿಯುಟ್ಟು, ಮಾಂಸವನ್ನು ಬಿಟ್ಟು, ಏಕಭುಕ್ತನಾಗಿದ್ದನು. ಅದೇ ಮೇಲ್ಪಂಕ್ತಿಯನ್ನು ಹಿಡಿದು ಇಟಲಿಯ ಲಿಯೊನಾರ್ಡೊ ಚಿನ್ನಾಮಿಯೆಂಬ ಜೆಸುಯಿಟ್ ಪಾದ್ರಿಯು ಕಂಠೀರವ ನರಸರಾಜರ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಸಂನ್ಯಾಸಿಯ ವೇಷದಲ್ಲಿ ನೆಲೆಸಿದನು. ಕನ್ನಡವನ್ನು ಕಲಿತು ಆ ಭಾಷೆಯಲ್ಲಿ ಮತಬೋಧೆಯ ಗ್ರಂಥಗಳನ್ನು ರಚಿಸಿದನು. ಇಂದಿಗೂ ಕನ್ನಡ ಕ್ಯಾಥೊಲಿಕರು ಪುನರುತ್ಥಾನದ ಹಬ್ಬಕ್ಕೆ ಮುಂಚಿನ ನಾಲ್ವತ್ತು ದಿನಗಳನ್ನು ತಪಸ್ಸುಕಾಲವೆಂದೂ ಅದರ ಮೊದಲ ದಿನವನ್ನು ವಿಭೂತಿ ಬುಧವಾರವೆಂದೂ ಕರೆಯುವುದರಲ್ಲಿ ಆ ದಾರಿಯ ಸುಳುಹನ್ನು ಕಾಣಬಹುದು. ಅದೇ ದಾರಿಯಲ್ಲಿ ಬಹಳ ಕಾಲ ನಡೆದವರು ಅಬ್ಬೆ ದುಬಾಯಿಸರು. ಮೈಸೂರು ಸೀಮೆಯಲ್ಲಿ ಇಲ್ಲಿಯ ಉಡಿಗೆ ತೊಡಿಗೆ ಆಹಾರಗಳನ್ನೇ ಅಂಗೀಕರಿಸಿ ಬಾಳಿದ ಇವರು 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳ ಪುಸ್ತಕವು, ಈ ದೇಶದಲ್ಲಿ ಮತಾಂತರದ ಆಶೆಯೇ ವ್ಯರ್ಥವೆಂದೂ, ದೇಶಭಾಷೆಗಳಿಗೆ ಬೈಬಲನ್ನು ಭಾಷಾಂತರಿಸಿ ಹಂಚುವುದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚೆಂದೂ ವಾದಿಸಿತು. ಪ್ರೊಟೆಸ್ಟಂಟರು ಸುಮ್ಮನಿರಲಿಲ್ಲ, ಮರುವರ್ಷವೇ ಜೇಮ್ಸ್ ಹಫ್ ಎಂಬವನು ಖಂಡನವನ್ನು ಬರೆದನು. ಆಚಾರದಿಂದ ಜನರನ್ನು ಒಲಿಸುವುದೋ ಗ್ರಂಥದಿಂದಲೋ ಎಂಬ ಈ ವಿವಾದದ ನಡುವೆಯೇ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನು ಕನ್ನಡ ಬೈಬಲಿನ ಕೆಲಸದಲ್ಲಿ ತೊಡಗಿದ್ದನು. ಅವನು 1810ರಲ್ಲಿ ಬಳ್ಳಾರಿಗೆ ಬಂದವನು. ಸಂಪೂರ್ಣ ಗ್ರಂಥವು ಹೊರಬಿದ್ದದ್ದು 1831ರಲ್ಲಿ. ಅವನ ಜೊತೆಗಾರ ವಿಲಿಯಂ ರೀವನು 1824ರಲ್ಲಿ ಇಂಗ್ಲಿಷ್ ಕನ್ನಡ ಕೋಶವನ್ನೂ 1832ರಲ್ಲಿ ಕನ್ನಡ ಇಂಗ್ಲಿಷ್ ಕೋಶವನ್ನೂ ಪ್ರಕಟಿಸಿದನು. ಬೈಬಲೂ ಕೋಶವೂ ಒಟ್ಟೊಟ್ಟಿಗೆ ಬಂದುದನ್ನು ಗಮನಿಸಬೇಕು.

ಬಾಸೆಲ್ ಮಿಶನ್ನಿನವರು ಬಂದದ್ದು ಈ ಎರಡನೆಯ ದಾರಿಯಿಂದ. ಆದರೆ ಅವರ ಹಿಂದಿನ ಪರಂಪರೆಯು ಬಳ್ಳಾರಿಯವರದಕ್ಕಿಂತ ಬೇರೆ. ಲೂಥರನು 1529ರ ತನ್ನ ಚಿಕ್ಕ ಪ್ರಶ್ನೋತ್ತರಿಯಲ್ಲಿ ಉಪವಾಸವು ಒಳ್ಳೆಯ ಹೊರಗಿನ ಶಿಸ್ತೆಂದು ಒಪ್ಪಿ, ಯೋಗ್ಯತೆಯು ಮಾತ್ರ ನಂಬಿಕೆಯಿಂದಲೇ ಎಂದನು. ಸ್ವಿಟ್ಜರ್ಲೆಂಡಿನ ಸುಧಾರಣೆಯಂತೂ 1522ರಲ್ಲಿ ಜ್ಯೂರಿಕ್ ಪಟ್ಟಣದ ಕೆಲವರು ಉಪವಾಸಕಾಲದಲ್ಲಿ ಮಾಂಸವನ್ನು ತಿಂದ ಗಲಭೆಯಿಂದಲೇ ಆರಂಭವಾಯಿತೆನ್ನಬಹುದು. ಹೀಗೆ ಉಪವಾಸವು ವಿಧಿಯ ಸ್ಥಾನದಿಂದ ಇಳಿದ ಮೇಲೆ ಅದರ ಜಾಗವನ್ನು ತುಂಬಿದ್ದು ಮನೆಯ ಪ್ರಾರ್ಥನೆ, ಮನೆಯ ಓದು. ಮಿಶನ್ನಿಗೆ ಬಹು ಜನ ಕಾರ್ಯಕರ್ತರನ್ನು ಕೊಟ್ಟ ವ್ಯೂರ್ಟೆಂಬರ್ಗ್ ಸೀಮೆಯ ಭಕ್ತಿಪಂಥದವರು ಒಬ್ಬರೊಬ್ಬರ ಮನೆಗಳಲ್ಲಿ ಕೂಡಿ ಬೈಬಲನ್ನು ಓದಿ ಚರ್ಚಿಸುವ ಗೋಷ್ಠಿಗಳನ್ನು ನಡೆಸುತ್ತಿದ್ದರು. 1743ರಲ್ಲಿ ಆ ದೇಶದ ಸರ್ಕಾರವು ಇವುಗಳಿಗೆ ನಿಯಮಬದ್ಧವಾದ ಅನುಮತಿಯನ್ನು ಕೊಟ್ಟಿತು. ಬಾಸೆಲ್ ಮಿಶನ್ 1815ರಲ್ಲಿ ಸ್ಥಾಪಿತವಾಯಿತು. 1832ರಲ್ಲಿ ಸ್ವಿಸ್ ಒಕ್ಕೂಟವು ಸೆಪ್ಟೆಂಬರದ ಮೂರನೆಯ ಭಾನುವಾರವನ್ನು ಇಡೀ ದೇಶಕ್ಕೆ ಕೃತಜ್ಞತೆ, ಪಶ್ಚಾತ್ತಾಪ, ಪ್ರಾರ್ಥನೆಗಳ ದಿನವೆಂದು ಗೊತ್ತುಮಾಡಿತು. ಆ ದಿನದ ಜರ್ಮನ್ ಹೆಸರಿನಲ್ಲಿಯೂ ಉಪವಾಸವಿಲ್ಲವೆಂಬುದನ್ನು ವಾಚಕರು ನೋಡಬಹುದು.

ಆ ಪಂಥದ ಹಿರಿಯರಲ್ಲಿ ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ (1687–1752) ಎಂಬವನು ನಮ್ಮ ವಿಷಯಕ್ಕೆ ಬಹಳ ಮುಖ್ಯನು. ಪರಮಭಕ್ತನಾದ ಇವನು ಹೊಸ ಒಡಂಬಡಿಕೆಯ ಪ್ರತಿಗಳಲ್ಲಿ ಸಾವಿರಾರು ಪಾಠಾಂತರಗಳಿವೆಯೆಂದು ತಿಳಿದು ಯೌವನದಲ್ಲಿ ಕಳವಳಪಟ್ಟು, ಆ ಕಳವಳವನ್ನು ತೀರಿಸಿಕೊಳ್ಳುವುದಕ್ಕಾಗಿಯೇ ಪ್ರತಿಗಳನ್ನು ಹೋಲಿಸತೊಡಗಿ, 1734ರಲ್ಲಿ ಪಾಠಾಂತರಸಹಿತವಾದ ಗ್ರೀಕ್ ಆವೃತ್ತಿಯನ್ನು ಹೊರತಂದನು. ಎರಡು ಪಾಠಗಳು ಎದುರಾದಾಗ ಸುಲಭವಾದುದಕ್ಕಿಂತ ಕ್ಲಿಷ್ಟವಾದುದೇ ಮೂಲಕ್ಕೆ ಹತ್ತಿರವೆಂಬ ಸೂತ್ರವು ಇವನದು. ಭಕ್ತಿಯು ಪಾಠಶೋಧನೆಗೆ ಅಡ್ಡಿಯೆಂದು ನಮ್ಮಲ್ಲಿ ಕೆಲವರಿಗೆ ಭಯವಿದೆ. ಇಲ್ಲಿ ಶೋಧನೆಯೇ ಭಕ್ತನ ನಿತ್ಯಕರ್ಮವಾಯಿತು. ಮೇಗ್ಲಿಂಗ್, ವೈಗ್ಲೆ ಮೊದಲಾದ ನಮ್ಮ ಕಡೆಯ ಪಾದ್ರಿಗಳು ಇದೇ ಸೀಮೆಯಿಂದ ಬಂದವರೆಂಬುದನ್ನು ನೆನಪಿನಲ್ಲಿಟ್ಟು ಮುಂದಿನದನ್ನು ಓದಬೇಕು.

ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಧಾರವಾಡದ ನೆಲೆಯು 1837ರಲ್ಲಿ, ಹುಬ್ಬಳ್ಳಿಯದು 1839ರಲ್ಲಿ, ಬೆಟಗೇರಿ ಮಲಸಮುದ್ರಗಳವು 1841ರಲ್ಲಿ, ಗುಳೇದಗುಡ್ಡದ್ದು 1851ರಲ್ಲಿ ಆರಂಭವಾದವು. ಆದಿಯಲ್ಲಿಯೇ ಒಂದು ಚಮತ್ಕಾರ ನಡೆಯಿತು. ಕಾಲಜ್ಞಾನದ ನುಡಿಗಳನ್ನು ನಂಬುವ ಒಂದು ಪಂಗಡದವರು, ತಮ್ಮ ಗ್ರಂಥಗಳಲ್ಲಿ ಹೇಳಿರುವ ಗುರುಗಳು ಇವರೇ ಆಗಿರಬಹುದೆಂದು ಪಾದ್ರಿಗಳನ್ನು ಹುಡುಕಿಕೊಂಡು ಬಂದರು. ಒಮ್ಮೆಗೇ ಸಾವಿರಾರು ಜನರು ಸೇರುವರೆಂದು ಪಾದ್ರಿಗಳು ಹಿಗ್ಗಿದರು. ಅವರಿಗಾಗಿ ಮಲಸಮುದ್ರದಲ್ಲಿ ಒಕ್ಕಲುತನದ ನೆಲೆಯೊಂದನ್ನೂ ಹೂಡಿದರು. ಆಶೆಯು ಕೈಗೂಡಲಿಲ್ಲ. ಒಂದು ಗ್ರಂಥವನ್ನು ನಂಬಿದವರು ಇನ್ನೊಂದು ಗ್ರಂಥವನ್ನು ನಂಬಿದವರನ್ನು ಕಂಡ ಈ ಪ್ರಸಂಗವು ವ್ಯರ್ಥವಾಯಿತೆಂದು ಚರಿತ್ರಕಾರರು ಬರೆಯುವರು. ನನಗಾದರೋ ಅದರಲ್ಲಿ ಬೇರೊಂದು ಫಲವು ಕಾಣುತ್ತದೆ: ಇಲ್ಲಿಯ ಜನರೂ ಬರೆದಿಟ್ಟ ನುಡಿಯಿಂದಲೇ ಚಲಿಸುವವರು, ಆ ನುಡಿಗಳನ್ನು ಓದದೆ ಇವರೊಡನೆ ಮಾತಿಲ್ಲವೆಂಬುದು ಬಂದವರಿಗೆ ಮನದಟ್ಟಾಗಲು ಇದಕ್ಕಿಂತ ಒಳ್ಳೆಯ ಪಾಠವಿರಲಾರದು.

ಪ್ರಾರ್ಥನೆಯ ವಿಷಯದಲ್ಲಿ ಹೆಚ್ಚು ಹೇಳತಕ್ಕುದಿಲ್ಲ. ಸಂಸ್ಕೃತದಲ್ಲಿ ಆ ಪದಕ್ಕೆ ಬೇಡುವುದೆಂದು ಅರ್ಥ. ಜಪ, ಸ್ತೋತ್ರ, ಧ್ಯಾನಗಳೊಡನೆ ನೋಡಿದರೆ ಬೇಡುವುದು ಕಾಮ್ಯವಾದುದರಿಂದ ಒಂದು ಮೆಟ್ಟಿಲು ಕೆಳಗಿನದೆಂದು ನಮ್ಮ ಶಾಲೆಯವರ ಎಣಿಕೆ. ಕ್ರೈಸ್ತರು ಅದನ್ನು ಎತ್ತಿ ಎಲ್ಲಕ್ಕೂ ಮೇಲೆ ಕೂರಿಸಿದರು. ಮಂತ್ರವಿಲ್ಲದೆ, ಸ್ವರನಿಯಮವಿಲ್ಲದೆ, ಒಕ್ಕಲಿಗನೂ ನೇಕಾರನೂ ತನ್ನ ಮನೆಮಾತಿನಲ್ಲಿ ಎದ್ದುನಿಂತು ದೇವರೊಡನೆ ಮಾತನಾಡುವುದು ಬ್ರಾಹ್ಮಣಪಂಡಿತನಿಗೆ ವಿಚಿತ್ರವೆನಿಸಿದರೂ ಶರಣರ, ದಾಸರ ಬಿನ್ನಹಗಳನ್ನು ಕೇಳಿದ ನಾಡಿಗೆ ಹೊಸದಾಗಿರಲಿಲ್ಲ. ಈ ಆಧಾರವು ಸದ್ದಿಲ್ಲದೆ ನೆಲಕ್ಕೆ ಹೊಂದಿಕೊಂಡಿತು.

ಹೊಸದಾದದ್ದು ಅಧ್ಯಯನ. ಕನ್ನಡ ಬೈಬಲಿಗೆ ‘ಸತ್ಯವೇದ’ವೆಂಬ ಹೆಸರು ನಿಂತಿತು. ಈ ಹೆಸರಿನಲ್ಲಿ ವಾದದ ಮೊನೆಯಿದೆಯೆಂಬುದು ಸ್ಪಷ್ಟ. ನಮ್ಮವರು ಅದಕ್ಕೆ ನೊಂದುಕೊಂಡದ್ದೂ ಉಂಟು. ಆದರೆ ವೇದವೆಂಬ ಪದವನ್ನು ತೆಗೆದುಕೊಂಡವರು ಅದರ ನಿಯಮಗಳನ್ನು ತೆಗೆದುಕೊಳ್ಳಲಿಲ್ಲವೆಂಬುದೇ ನಿಜವಾದ ಘಟನೆ. ನಾನು ಕಲಿತ ಪಾಠಶಾಲೆಯಲ್ಲಿ ಅಧ್ಯಯನವೆಂದರೆ ಗುರುಮುಖದಿಂದ ಕೇಳಿ ಸ್ವರ ತಪ್ಪದೆ ಒಪ್ಪಿಸುವುದು. ಅರ್ಥವು ಬಳಿಕ ಬರುವುದು, ಅನೇಕರಿಗೆ ಬಾರದೆಯೂ ಹೋಗುವುದು. ಪ್ರತಿಪತ್ತಿನ ದಿನ ಅನಧ್ಯಾಯ, ಅಷ್ಟಮಿಯ ದಿನ ಅನಧ್ಯಾಯ, ಗುಡುಗಿದರೆ ಅನಧ್ಯಾಯ. ಮಿಶನ್ನಿನ ಅಧ್ಯಯನವು ಕಣ್ಣಿನಿಂದ ಮಾಡುವುದು, ಅರ್ಥದಿಂದ ಆರಂಭಿಸುವುದು, ಅನಧ್ಯಾಯವಿಲ್ಲದ್ದು. ಹೆಂಗಸರೂ ಸಾಲುಗಳನ್ನು ಬೆರಳಿಟ್ಟು ಓದತಕ್ಕದ್ದು. ಎರಡು ಕ್ರಮಗಳಿಗೂ ಲಾಭನಷ್ಟಗಳಿವೆ. ಬಾಯಿಪಾಠದ ಕ್ರಮವು ಒಂದಕ್ಷರವನ್ನೂ ಸಡಿಲಗೊಳಿಸದೆ ಸಾವಿರಾರು ವರ್ಷ ವೇದವನ್ನು ಉಳಿಸಿತು. ಕಣ್ಣೋದಿನ ಕ್ರಮದಲ್ಲಿ ಲಿಪಿಕಾರನು ಉಪವಾಸವನ್ನು ಸೇರಿಸಿಬಿಟ್ಟನು. ಆದರೆ ಸೇರಿಸಿದ್ದಾನೆಂದು ಕಂಡುಹಿಡಿಯುವ ಕಣ್ಣೂ ಆ ಕ್ರಮದಿಂದಲೇ ಬಂದಿತು.

ಈ ಕಣ್ಣನ್ನು ಅವರು ಕನ್ನಡ ಗ್ರಂಥಗಳ ಮೇಲೆ ತಿರುಗಿಸಿದರು. ಟ್ಯೂಬಿಂಗನ್ನಿನಲ್ಲಿ ಓದಿದ ಹೆರ್ಮನ್ ಮೇಗ್ಲಿಂಗನು (1811–1881) 1836ರಲ್ಲಿ ಮಂಗಳೂರಿಗೆ ಬಂದು, ದೇಶೀಯ ಉಪದೇಶಕರನ್ನು ಸಿದ್ಧಪಡಿಸುವ ಶಾಲೆಯನ್ನು ನಡೆಸಿದನು. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದನು. 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಬಸವಪುರಾಣ, ಜೈಮಿನಿಭಾರತ, ದಾಸರ ಪದಗಳು ಮೊದಲಾದವುಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದನು. ಇದಕ್ಕೆ ಬೇಕಾದ ಹಣದ ನೆರವು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧಿಕಾರಿಯದು. ಅವನ ಶಾಲೆಯ ಮೊದಲ ಶಿಷ್ಯರಲ್ಲಿ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದ ಸಾರಸ್ವತ ಬ್ರಾಹ್ಮಣರು. ಶ್ರೌತಸ್ಮಾರ್ತಗಳ ಮನೆಯಿಂದ ಹೋದವರು ಈ ಹೊಸ ಅಧ್ಯಯನಕ್ಕೆ ಗುರುಗಳಾದರು.

ಕಿಟೆಲ್ ಸಾಹೇಬರ (1832–1903) ವಿಷಯವು ಎಲ್ಲರಿಗೂ ತಿಳಿದದ್ದೇ. ಅವರು 1853ರಲ್ಲಿ ಬಂದರು, ಹುಬ್ಬಳ್ಳಿ ಧಾರವಾಡಗಳಲ್ಲಿ ಇದ್ದರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸುಗಳಲ್ಲಿ ಕಥಾಮಾಲೆಯೆಂದು ಬರೆದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಶೋಧಿಸಿ ಅಚ್ಚು ಹಾಕಿಸಿದರು. ಸುಮಾರು 70,000 ಪದಗಳ ಕೋಶವು 1894ರಲ್ಲಿ ಮಂಗಳೂರಲ್ಲಿ ಪ್ರಕಟವಾಯಿತು. ಟ್ಯೂಬಿಂಗನ್ ವಿಶ್ವವಿದ್ಯಾಲಯವು 1896ರಲ್ಲಿ ಗೌರವ ಪದವಿಯನ್ನಿತ್ತಿತು. ಈ ವಿದ್ವತ್ಕಾರ್ಯವು ಪಾದ್ರಿಗೆ ತಕ್ಕುದೇ ಎಂಬ ಶಂಕೆಯು ಮಿಶನ್ನಿನೊಳಗೂ ಇತ್ತು. ಕಿಟೆಲರು ಪಾದ್ರಿತನವನ್ನು ಮರೆತರೆಂಬ ಮೇಲೆ ಹೇಳಿದ ಎರಡನೆಯ ಪಕ್ಷದವರು ಈ ಶಂಕೆಯನ್ನೇ ತಮ್ಮ ಸಾಕ್ಷಿಯಾಗಿ ಹಿಡಿಯಬಹುದು. ಆದರೆ ಶಬ್ದಮಣಿದರ್ಪಣದ ವರ್ಷವಾದ 1872ರಲ್ಲಿಯೇ ಅವರ ಯಜ್ಞಸುಧಾನಿಧಿಯೂ ಹೊರಬಿದ್ದಿತೆಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವೈದಿಕ ಯಜ್ಞಗಳನ್ನು ವಿಚಾರಿಸಿ ಕ್ರಿಸ್ತನ ಬಲಿಯತ್ತ ವಾಚಕನನ್ನು ಕರೆದೊಯ್ಯುವ ಆ ಗ್ರಂಥದ ಸಿದ್ಧಾಂತವನ್ನು ನಾನು ಒಪ್ಪಲಾರೆ. ಬ್ರಾಹ್ಮಣಗ್ರಂಥಗಳ ಯಜ್ಞವು ಮತ್ತೊಂದಕ್ಕೆ ಮುನ್ಸೂಚನೆಯಾಗಿ ನಿಂತದ್ದಲ್ಲ, ತನ್ನಷ್ಟಕ್ಕೆ ತಾನು ಪೂರ್ಣವಾದದ್ದು. ಆದರೆ ಪ್ರಕೃತ ಪ್ರಶ್ನೆಯು ಅದಲ್ಲ. ಒಂದೇ ವರ್ಷ, ಒಂದೇ ಲೇಖನಿ, ಒಂದು ಕೈಯಲ್ಲಿ ವ್ಯಾಕರಣದ ಪಾಠಾಂತರ, ಇನ್ನೊಂದರಲ್ಲಿ ಮತಬೋಧೆ. ಇವೆರಡನ್ನೂ ಬೇರೆ ಬೇರೆ ಮನುಷ್ಯರು ಬರೆದಂತೆ ನಾವು ಏಕೆ ಓದುತ್ತೇವೆ?

ಮೊದಲನೆಯ ಪಕ್ಷದವರಿಗೂ ಒಂದು ಮಾತು. ಕೋಶವು ಮತಪ್ರಚಾರದ ಉಪಕರಣವಾಗಿದ್ದರೆ ಉಪದೇಶಕ್ಕೆ ಬೇಕಾಗುವ ಕೆಲವು ಸಾವಿರ ಪದಗಳು ಸಾಕಾಗಿದ್ದವು. ಬೀದಿಯಲ್ಲಿ ಬೋಧಿಸುವವನಿಗೆ ಹಳಗನ್ನಡದ ಪ್ರಯೋಗವೇಕೆ? ಪಠ್ಯವೆಂದ ಮೇಲೆ ಅದರ ಮೂಲವನ್ನು ಮುಟ್ಟುವವರೆಗೆ ಬಿಡಬಾರದೆಂಬ ಬೆಂಗೆಲನ ಶಿಸ್ತು ಅವರಲ್ಲಿ ನಿತ್ಯಾನುಷ್ಠಾನವಾಗಿತ್ತು. ಅದು ದೇವವಾಕ್ಯ ಮನುಷ್ಯವಾಕ್ಯಗಳೆಂಬ ಭೇದವನ್ನು ಕೈಯ ಅಭ್ಯಾಸದಲ್ಲಿ ಉಳಿಸಿಕೊಳ್ಳಲಿಲ್ಲ.

ಇದಕ್ಕೆ ನನಗೆ ಸಿಕ್ಕುವ ಅತ್ಯಂತ ಬಲವಾದ ನಿದರ್ಶನವು ಜರ್ಮನರದಲ್ಲ, ನಮ್ಮವರದು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚೆನ್ನಪ್ಪನವರು ಮಂಗಳೂರಿನ ದೇವಜ್ಞಾನಶಾಲೆಯಲ್ಲಿ ಓದಿ, ಬಾಸೆಲ್ ಮಿಶನ್ನಿನ ಸೇವೆಯಲ್ಲಿ ಪಾದ್ರಿಗಳಾಗಿ ಬಾಳಿದವರು. ಇವರು ನಮ್ಮ ಸೀಮೆಯ ಸರ್ವಜ್ಞನನ್ನು ಹಿಡಿದರು. ಐತಿಹ್ಯದ ಪ್ರಕಾರ ಸರ್ವಜ್ಞನ ತಂದೆಯ ಊರಾದ ಮಾಸೂರೂ ತಾಯಿಯ ಊರಾದ ಅಬಲೂರೂ ಹಿರೇಕೆರೂರ ಸುತ್ತಿನವು, ದುಂಡಸಿಯಿಂದ ದೂರವಲ್ಲ. ಜನರ ಬಾಯಲ್ಲಿ ಹರಿದಾಡುತ್ತ, ಯಾರು ಬೇಕಾದರೂ ಕಟ್ಟಿ ಸೇರಿಸಬಹುದಾಗಿದ್ದ ತ್ರಿಪದಿಗಳನ್ನು ಉತ್ತಂಗಿಯವರು ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ವರ್ಷಗಟ್ಟಲೆ ಕೂಡಿಸಿ, ಹೋಲಿಸಿ, ವಿಂಗಡಿಸಿ 1924ರಲ್ಲಿ ಪ್ರಕಟಿಸಿದರು. ಹೊರಗಿನ ಆಚಾರವನ್ನೂ ಒಣ ವ್ರತವನ್ನೂ ಚುಚ್ಚುವ ಕವಿಯನ್ನು ಉದ್ಧರಿಸಿದವನು, ಉಪವಾಸವನ್ನು ಮುಖದಲ್ಲಿ ತೋರಿಸಬಾರದೆಂದು ಬೋಧಿಸುವ ಗ್ರಂಥದ ಸೇವಕನು. ಇದು ಕೇವಲ ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ಬಳಿಕ ಅವರು ಶರಣರ ವಚನಗಳತ್ತ ತಿರುಗಿದರು; ಅನುಭವಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿ ಬರೆದರು. ವೀರಶೈವ ವಿದ್ವಾಂಸರೊಳಗೇ ಭಿನ್ನಾಭಿಪ್ರಾಯವಿದ್ದ ವಿಷಯದಲ್ಲಿ ಕ್ರೈಸ್ತಪಾದ್ರಿಯೊಬ್ಬರು ಬಸವಣ್ಣನ ಮಂಟಪದ ಪರವಾಗಿ ಸಾಕ್ಷ್ಯಗಳನ್ನು ಒಡ್ಡಿ ನಿಂತರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಲನವು ಅವರನ್ನು ಅಧ್ಯಕ್ಷಪೀಠದಲ್ಲಿ ಕೂರಿಸಿತು. 1962ರಲ್ಲಿ ಅವರು ತೀರಿಕೊಂಡರು. ಅವರ ಪಾದ್ರಿತನವನ್ನು ತೆಗೆದುಹಾಕಿ ಸರ್ವಜ್ಞನ ಸಂಪಾದಕನನ್ನು ಮಾತ್ರ ಉಳಿಸಿಕೊಳ್ಳುತ್ತೇವೆಂದರೆ, ಆ ಸಂಪಾದಕನಿಗೆ ಕಣ್ಣನ್ನು ಕೊಟ್ಟ ಪಾಠಶಾಲೆಯನ್ನೇ ತೆಗೆದುಹಾಕಿದಂತೆ.

ಧಾರವಾಡ ಹುಬ್ಬಳ್ಳಿಗಳ ಆ ಸಭೆಗಳು ಈಗ ದಕ್ಷಿಣ ಭಾರತ ಸಭೆಯಲ್ಲಿ ಸೇರಿವೆ. ಈಚೆಗೆ ಹುಟ್ಟಿದ ಸ್ವತಂತ್ರ ಸಭೆಗಳಲ್ಲಿ ಉಪವಾಸ ಪ್ರಾರ್ಥನೆಯ ಕೂಟಗಳು ಮತ್ತೆ ಪ್ರಬಲವಾಗಿವೆ. ರೋಗ ನೀಗಲೆಂದೂ ದೆವ್ವ ಬಿಡಲೆಂದೂ ಜನರು ಅಲ್ಲಿಗೆ ಸೇರುತ್ತಾರೆ. ಮಾರ್ಕನ ಒಂಬತ್ತನೆಯ ಅಧ್ಯಾಯವು ಅವರ ಮುಖ್ಯ ಪ್ರಮಾಣ. ಕನ್ನಡದಲ್ಲಿ ಆ ವಚನವು ಇಂದು ಎರಡು ಪಾಠಗಳಲ್ಲಿಯೂ ದೊರೆಯುತ್ತದೆ, ಉಪವಾಸವಿದ್ದೊಂದು, ಇಲ್ಲದೊಂದು. ಎರಡು ಮುದ್ರಣಗಳನ್ನೂ ನಾನು ಒಂದೇ ಮಣೆಯ ಮೇಲೆ ಬಿಚ್ಚಿಟ್ಟುಕೊಂಡು ಈ ಲೇಖನವನ್ನು ಬರೆದಿದ್ದೇನೆ.